ಪರದೆ ಹರಿಯುವ ತನಕ ಕಾಯಬೇಕಾ?

ಥಿಯೇಟರ್ ನಡೆಸುವವರ ಹತ್ತಿರ ಪರದೆ ಬದಲಾಯಿಸುವ ಮಾತೆತ್ತಿದರೆ ಒಂದೇ ಉತ್ತರ ಬರುತ್ತದೆ. "ಎಲ್ಲೂ ಹರಿದಿಲ್ವಲ್ಲ, ಚೆನ್ನಾಗೇ ಇದೆ." ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಪರದೆ ಹರಿಯುವುದು ಅಪರೂಪ. ಅದು ಹಾಳಾಗುವುದು ಮಂಕಾಗಿ, ಅದೂ ಇಷ್ಟಿಷ್ಟೇ. ದಿನಾ ನೋಡುವ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ.

ನಾನು ಪ್ರೊಜೆಕ್ಟರ್ ಕ್ಯಾಬಿನ್‌ನಲ್ಲಿದ್ದಾಗ ಒಂದು ದಿನ ಹೊಸ ಪರದೆಯ ಸ್ಯಾಂಪಲ್ ತುಂಡು ಬಂತು. ಅಂಗೈ ಅಗಲದ್ದು. ಹಳೇ ಪರದೆಯ ಮೇಲೆ ಅದನ್ನು ಹಿಡಿದು, ಪ್ರೊಜೆಕ್ಟರಿನಿಂದ ಬರೀ ಬಿಳಿ ಬೆಳಕು ಬಿಟ್ಟೆವು. ಅಷ್ಟು ದಿನ ಬಿಳಿ ಅಂದುಕೊಂಡಿದ್ದು ಹಳೇ ಪೇಪರಿನ ಬಣ್ಣಕ್ಕೆ ತಿರುಗಿತ್ತು. ಆ ತುಂಡು ಮಾತ್ರ ಗೋಡೆಯಲ್ಲಿ ಕಿಟಕಿ ತೆಗೆದ ಹಾಗೆ ಹೊಳೆಯುತ್ತಿತ್ತು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಹಾಗಂತ ಚಿತ್ರ ಮಂಕಾದ ತಕ್ಷಣ ಪರದೆಯ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಕ್ಯಾಬಿನ್ ಗಾಜು ಒರೆಸಿ. ಲೆನ್ಸ್ ನೋಡಿ. ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ನೋಡಿ. ಇದೆಲ್ಲ ಸರಿ ಮಾಡಿದ ಮೇಲೆ ಹಾಲಿನ ಮಧ್ಯದಿಂದ ಪರದೆಯ ಕಡೆಗೆ ಬೆಳಕು ಅಳೆಯುವ ಮೀಟರ್ ಹಿಡಿಯಿರಿ. 2ಡಿ ಚಿತ್ರಕ್ಕೆ ಪರದೆಯ ನಡುವೆ 14 ಫುಟ್‌ಲ್ಯಾಂಬರ್ಟ್ (ಪರದೆಯಿಂದ ವಾಪಸ್ ಬರುವ ಬೆಳಕಿನ ಅಳತೆ) ಸಿಗಬೇಕು. ಸಿಗದಿದ್ದರೆ ಕೆಲವರು ಲ್ಯಾಂಪಿಗೆ ಕರೆಂಟ್ ಏರಿಸುತ್ತಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಲ್ಯಾಂಪ್ ಬೇಗ ಸವೆಯುತ್ತದೆ, ಬಿಲ್ ಜಾಸ್ತಿ ಬರುತ್ತದೆ, ಪರದೆಯ ಕಲೆ ಇನ್ನೂ ಎದ್ದು ಕಾಣುತ್ತದೆ.

ಶಬ್ದದ ಕಡೆಗೂ ಗಮನ ಇರಲಿ. ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ ಅಲ್ವಾ, ಮಾತು ಹೊರಬರುವುದು ಅಲ್ಲಿಂದಲೇ, ಸ್ಪೀಕರ್ ಇರುವುದು ಹಿಂದೆ. ಗಾಳಿ ಓಡಾಡುತ್ತ ಆ ತೂತುಗಳಲ್ಲಿ ಧೂಳು ಕಟ್ಟಿಕೊಳ್ಳುತ್ತದೆ. ಆಗ ಮೊದಲು ಮಂಕಾಗುವುದು ಸ, ಶ ಅಕ್ಷರಗಳ ಚುರುಕು. ಸಾದಾ ಬಿಳಿ ಪರದೆಯಾದರೆ ಮೆತ್ತನೆ ಬ್ರಷ್‌ನಿಂದ ಹುಷಾರಾಗಿ ಧೂಳು ತೆಗೆಯಬಹುದು. 3ಡಿಗೆ ಹಾಕುವ ಸಿಲ್ವರ್ ಪರದೆಗೆ ಮಾತ್ರ ಸುಮ್ನೆ ಕೈ ಹಚ್ಚಬೇಡಿ. ಮೇಲಿನ ಲೇಪ ಒಂದು ಸಲ ಉಜ್ಜಿ ಹೋದರೆ ಆ ಗುರುತು ಪ್ರತಿ ಶೋನಲ್ಲೂ ಕಾಣುತ್ತದೆ.

ಲೇಸರ್ ಪ್ರೊಜೆಕ್ಟರ್ ತರುವವರು ಪರದೆಯ ಲೆಕ್ಕವನ್ನೂ ಆಗಲೇ ಹಾಕಿಬಿಡಿ. ಹಳೇ ಸಿಲ್ವರ್ ಪರದೆಯ ಮೇಲೆ ನಡುವೆ ಬೆಳಕು ಕುಕ್ಕುತ್ತದೆ, ಅಂಚು ಕಪ್ಪಿಡುತ್ತದೆ, ಬಿಳಿ ಜಾಗದಲ್ಲಿ ಮರಳು ಚೆಲ್ಲಿದ ಹಾಗೆ ಮಿಣಮಿಣ ಕಾಣಬಹುದು. ಬದಿಯ ಸೀಟಿನವರೂ ಅಷ್ಟೇ ದುಡ್ಡು ಕೊಟ್ಟು ಬಂದಿರುತ್ತಾರೆ.

ಹೊಸ ಪರದೆ ಕಟ್ಟಿಸಿದ ದಿನವೇ ಅದರದೊಂದು ತುಂಡು ಕೇಳಿ ತೆಗೆದುಕೊಳ್ಳಿ. ಬೆಳಕು, ಧೂಳು ತಾಗದ ಹಾಗೆ ಕವರಿನಲ್ಲಿಟ್ಟು, ಮೇಲೆ ತಾರೀಕು ಬರೆಯಿರಿ. ವರ್ಷಕ್ಕೊಂದು ಸಲ ತೆಗೆದು ಪರದೆಯ ಮೇಲೆ ಹಿಡಿದು ನೋಡಿ.