ಸ್ಟಾರ್ಟ್ ಆಗದಿದ್ರೆ ಅಳ್ತೀವಿ, ನಿಲ್ಲದಿದ್ರೆ ನಗ್ತೀವಿ

ಹೋದ ವಾರ ಕೋಲಾರದ ಎಪಿಎಂಸಿಯಲ್ಲಿ ನಮ್ಮ ಚಿಕ್ಕಪ್ಪನ ಹಳೇ ಟಾಟಾ 407 ಲಾರಿ ಎಲ್ಲರಿಗೂ ಒಳ್ಳೆ ಮಜಾ ಕೊಟ್ಟಿತು. ಮುಳಬಾಗಿಲು ಕಡೆಯಿಂದ 150 ಬಾಕ್ಸ್ ಟೊಮೆಟೊ ಹೇರಿಕೊಂಡು ಬಂದ ಡ್ರೈವರ್ ಮಂಡಿ ಮುಂದೆ ಗಾಡಿ ಹಾಕಿ, ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆದು, ಕೀ ಕಿತ್ತು ಜೇಬಿಗೆ ಇಟ್ಟುಕೊಂಡು ಟೀ ಕುಡಿಯಲು ಹೋದ. ಗಾಡಿ ಮಾತ್ರ ಗುಡುಗುಡು ಅಂತ ಓಡುತ್ತಲೇ ಇತ್ತು. ಹಮಾಲಿಗಳೆಲ್ಲ ನಗುತ್ತಿದ್ದಾರೆ. "ಅಣ್ಣಾ, ನಿಮ್ ಗಾಡಿಗೆ ಇನ್ನೊಂದ್ ಟ್ರಿಪ್ ಹೊಡೀಬೇಕಂತೆ" ಅಂತ ಒಬ್ಬ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಡ್ರೈವರ್ ಆರಾಮವಾಗಿ ಬಂದ. ಟಾಪ್ ಗೇರಿಗೆ ಹಾಕಿ, ಬ್ರೇಕ್ ಮೇಲೆ ನಿಂತು ಕ್ಲಚ್ ಬಿಟ್ಟ. ಧಡ್ ಅಂತ ಇಡೀ ಗಾಡಿ ನಡುಗಿ ಎಂಜಿನ್ ನಿಂತಿತು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಯುಗಾದಿ ಮುಂಚಿಂದ ಅಣ್ಣ. ಒಂದೊಂದ್ ಸಲ ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತೆ, ನಿಲ್ಲದಿದ್ರೆ ಹಿಂಗೆ ಮಾಡ್ತೀನಿ."

ಯುಗಾದಿ ಮುಂಚಿಂದ! ಅದೇ ಗಾಡಿ ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅರ್ಧ ಗಂಟೆಯಲ್ಲಿ ಮೂರು ಜನ ಮೆಕ್ಯಾನಿಕ್‌ಗಳಿಗೆ ಫೋನ್ ಹೋಗುತ್ತಿತ್ತು. ಸ್ಟಾರ್ಟ್ ಆಗದಿದ್ದರೆ ಬಾಡಿಗೆ ಹೋಗುತ್ತದೆ, ನಿಲ್ಲದಿದ್ದರೆ ಏನೂ ಹೋಗುವುದಿಲ್ಲ ಅನ್ನುವುದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕೀ ತೆಗೆದರೆ ಎಂಜಿನ್ ನಿಲ್ಲಬೇಕು ಅನ್ನುವುದು ನಮಗೆ ಬೈಕಿನಿಂದ ಬಂದ ಅಭ್ಯಾಸ. ಬೈಕಿನಲ್ಲಿ ಪ್ಲಗ್ ಇದೆ, ಕೀ ತೆಗೆದರೆ ಕಿಡಿ ನಿಂತಿತು, ಕಥೆ ಮುಗಿಯಿತು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ 500 ಡಿಗ್ರಿಗೂ ಜಾಸ್ತಿ ಬಿಸಿ ಮಾಡುತ್ತದೆ, ಅದಕ್ಕೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಡೀಸೆಲ್ ಎಂಜಿನ್ ನಿಲ್ಲಿಸುವುದು ಅಂದರೆ ಅದರ ಊಟ ನಿಲ್ಲಿಸುವುದು. ನಿಲ್ಲುತ್ತಿಲ್ಲ ಅಂದರೆ ಎಲ್ಲಿಂದಲೋ ಊಟ ಸಿಗುತ್ತಿದೆ ಅಂತ ಅರ್ಥ. ಎಲ್ಲಿಂದ, ಅದನ್ನು ಹುಡುಕಬೇಕು ಅಷ್ಟೇ.

ಕೆಲವರು ಗಾಬರಿಯಾಗಿ ಬ್ಯಾಟರಿ ಟರ್ಮಿನಲ್ ಕೀಳುತ್ತಾರೆ. ದಯವಿಟ್ಟು ಬೇಡ. ನಮ್ಮಂಥ ಹಳೇ ಗಾಡಿ ಅದಕ್ಕೆಲ್ಲ ನಿಲ್ಲುವುದಿಲ್ಲ, ಮೇಲಿಂದ ಡೈನಮೋ ಸುಟ್ಟು ಹೋಗಬಹುದು.

ಚಿಕ್ಕಪ್ಪ ಆ ಸಂಜೆಯೇ ಒಂದು ಗ್ಯಾರೇಜಿಗೆ ತೋರಿಸಿದರು. ಯಾವುದು ಅಂತ ಹೇಳುವುದಿಲ್ಲ. ಅಲ್ಲಿನವರು ಬಾನೆಟ್ ಕೂಡ ಸರಿಯಾಗಿ ಎತ್ತದೆ, "ಪಂಪ್ ಹೋಗಿದೆ, ಬಿಚ್ಚಿ ಪಂಪ್ ಶಾಪ್‌ಗೆ ಕೊಡಬೇಕು, ನಾಜಲ್ ಎಲ್ಲಾ ಮಾಡಿಸಿಬಿಡಿ" ಅಂದುಬಿಟ್ಟರು. ಪಂಪ್ ಅಂದರೆ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವುದು, ನಾಜಲ್ ಅಂದರೆ ಅದನ್ನು ಒಳಗೆ ಚಿಮ್ಮಿಸುವುದು. ಸೀಸನ್ ಟೈಮಲ್ಲಿ ಗಾಡಿ ಮೂರು ದಿನ ನಿಂತರೆ ಗೊತ್ತಲ್ಲ. ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ.

ಬೆಳಿಗ್ಗೆ ನಮ್ಮೂರಿನ ಹಳೇ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾಗಿದೆ, ಈಗ ಅವರೇ ಸ್ಪ್ಯಾನರ್ ಹಿಡಿಯುವುದಿಲ್ಲ, ಸ್ಟೂಲ್ ಮೇಲೆ ಕೂತು ಹುಡುಗರಿಗೆ ಹೇಳುತ್ತಾರೆ. ಪಂಪಿಗೆ ಇವತ್ತಿಗೂ 'ಮೈಕೋ' ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾಯಿತು, ನಮ್ಮ ಗ್ಯಾರೇಜುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮೇಸ್ತ್ರಿ ಎಂಜಿನ್ ಓಡಿಸಲು ಹೇಳಿದರು. ನಾಬ್ ಎಳೆಸಿದರು. ನಿಲ್ಲಲಿಲ್ಲ. "ಈಗ ಪಂಪಿನ ಮೇಲಿರೋ ಸ್ಟಾಪ್ ಲಿವರ್ ಕೈಯಲ್ಲಿ ಪೂರ್ತಿ ಎಳಿ" ಅಂತ ಹುಡುಗನಿಗೆ ಹೇಳಿದರು. ಎಳೆದ. ಟಕ್ ಅಂತ ನಿಂತಿತು.

"ಪಂಪ್ ಸರಿಯಾಗೈತೆ ಹೋಗು" ಅಂದರು. ಪೂರ್ತಿ ಒಂದು ನಿಮಿಷ ಆಗಿರಲಿಲ್ಲ!

ಆಮೇಲೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಸ್ಟಾಪ್ ಕೇಬಲ್ಲಿನ ಹೊರಗಿನ ಕವಚವನ್ನು ಹಿಡಿದಿಡುವ ಕ್ಲಾಂಪಿನ ನಟ್ ಸಡಿಲ ಆಗಿತ್ತು. ನಾಬ್ ಎಳೆದರೆ ಒಳಗಿನ ತಂತಿ ಎಳೆಯುವ ಬದಲು ಕವಚವೇ ಜರುಗುತ್ತಿತ್ತು. ಲಿವರ್ ಮುಕ್ಕಾಲು ಭಾಗ ಬಂದು ನಿಲ್ಲುತ್ತಿತ್ತು. ಸುಮ್ನೆ ನಿಂತು ಓಡುವ ಎಂಜಿನ್‌ಗೆ ತೊಟ್ಟು ತೊಟ್ಟು ಡೀಸೆಲ್ ಸಾಕು, ಆ ಕಾಲು ಭಾಗದಲ್ಲಿ ಸಿಕ್ಕಿದ್ದನ್ನೇ ತಿಂದುಕೊಂಡು ಬದುಕುತ್ತಿತ್ತು. ಒಂದೊಂದು ಸಲ ಎರಡು ನಿಮಿಷಕ್ಕೆ ತಾನೇ ಸಾಯುತ್ತಿದ್ದದ್ದೂ ಅದಕ್ಕೇ. ನಾಬ್ ಕೈಗೆ ಪೂರ್ತಿ ಬರುತ್ತಿದ್ದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ.

ಕೆಲವು ಗಾಡಿಗಳಲ್ಲಿ ನಾಬ್ ಇರುವುದಿಲ್ಲ, ಕೀಯಿಂದಲೇ ನಿಲ್ಲುತ್ತವೆ, ಅಲ್ಲಿ ಕೇಬಲ್ ಕೆಲಸವನ್ನು ಕರೆಂಟಿನಿಂದ ಜರುಗುವ ಸೊಲನಾಯ್ಡ್ ಮಾಡುತ್ತದೆ. ಅದರಲ್ಲಿ ಎರಡು ಜಾತಿ. ಒಂದಕ್ಕೆ ಓಡಲು ಕರೆಂಟ್ ಬೇಕು, ಇನ್ನೊಂದಕ್ಕೆ ನಿಲ್ಲಲು ಬೇಕು. ಮೊದಲನೆಯದಾದರೆ ವೈರ್ ಕಿತ್ತು ನೋಡಬೇಕು. ನಿಂತರೆ ತಪ್ಪು ಕೀ ಸ್ವಿಚ್ಚಿನದೋ ವೈರಿಂಗಿನದೋ, ಒಮ್ಮೊಮ್ಮೆ ಡೈನಮೋ ಕಡೆಯಿಂದಲೇ ಕರೆಂಟ್ ವಾಪಸ್ ನುಗ್ಗುತ್ತಿರುತ್ತದೆ. ಎರಡನೆಯದಾದರೆ ವೈರ್ ತುಂಡಾಗಿದ್ದರೂ ಗಾಡಿ ನಿಲ್ಲುವುದಿಲ್ಲ. ಯಾವ ಜಾತಿ ಅಂತ ತಿಳಿಯದೆ ಸೊಲನಾಯ್ಡ್ ಬದಲಿಸುವುದು ದುಡ್ಡು ದಂಡ.

ನಗು ನಿಲ್ಲಿಸಬೇಕಾದ ಜಾಗ ಮುಂದಿದೆ. ಲಿವರ್ ಕೈಯಲ್ಲಿ ಪೂರ್ತಿ ಎಳೆದರೂ ಎಂಜಿನ್ ನಿಲ್ಲಲಿಲ್ಲ ಅಂದುಕೊಳ್ಳಿ. ಆಗ ಎರಡು ಸಾಧ್ಯತೆ. ಪಂಪಿನ ಒಳಗೆ ಡೀಸೆಲ್ ಅಳತೆ ಹೆಚ್ಚು ಕಮ್ಮಿ ಮಾಡುವ ರ‍್ಯಾಕ್ ಸಿಕ್ಕಿಕೊಂಡಿದೆ, ಇದು ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ, ಡೀಸೆಲ್‌ಗೆ ನೀರು ಸೇರಿ ತುಕ್ಕು ಹಿಡಿದಾಗ ಆಗುವಂಥದ್ದು. ಪಂಪ್ ಬಿಚ್ಚಲೇಬೇಕಾದ ಕೇಸ್ ಇದು. ಇಲ್ಲವಾದರೆ ಎಂಜಿನ್ ಡೀಸೆಲ್ ಕುಡಿಯುತ್ತಲೇ ಇಲ್ಲ, ತನ್ನದೇ ಎಂಜಿನ್ ಆಯಿಲ್ ಕುಡಿಯುತ್ತಿದೆ. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಸೀಲ್ ಹೋಗಿದ್ದರೆ, ಪಿಸ್ಟನ್ ರಿಂಗ್ ಸವೆದು ಎಂಜಿನ್ ಉಸಿರು ಬಿಡುವ ಕೊಳವೆ ಬ್ರೀದರ್‌ನಿಂದ ಆಯಿಲ್ ಹೊಗೆ ಗಾಳಿ ದಾರಿಗೆ ಸೇರುತ್ತಿದ್ದರೆ, ಆಯಿಲ್ಲಿನಲ್ಲಿ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್‌ಗೆ ಯಾರೋ ಪುಣ್ಯಾತ್ಮರು ಅಳತೆ ಮೀರಿ ಆಯಿಲ್ ಸುರಿದಿದ್ದರೆ ಹೀಗಾಗುತ್ತದೆ. ಗುರುತು ಅಂದರೆ ನೀಲಿ ಛಾಯೆಯ ದಟ್ಟ ಹೊಗೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಸದ್ದು ಏರುತ್ತಲೇ ಹೋಗುವುದು. ಹಾಗೆ ಏರಿದ ಎಂಜಿನ್ ತನ್ನನ್ನೇ ಒಡೆದುಕೊಳ್ಳುವವರೆಗೂ ಓಡಬಹುದು. ಆಗ ಇರುವ ಮುಖ್ಯ ಮಾರ್ಗ ಎಂಜಿನ್ ಗಾಳಿ ಎಳೆಯುವ ಬಾಯಿ ಮುಚ್ಚುವುದು, ಅದೂ ಗಟ್ಟಿ ಹಲಗೆಯಿಂದ. ಕೈ ಇಡಬೇಡಿ, ಬಟ್ಟೆ ತುರುಕಬೇಡಿ, ಎಳೆದುಕೊಂಡುಬಿಡುತ್ತದೆ. ಅಷ್ಟೂ ಆಗದಿದ್ದರೆ ಗಾಡಿಯಿಂದ ದೂರ ಹೋಗಿ. ಎಂಜಿನ್ ಬೇರೆ ಸಿಗುತ್ತದೆ, ಜೀವ ಸಿಗುವುದಿಲ್ಲ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಬಗ್ಗೆ ಒಂದು ಮಾತು, ಅಳತೆ ಮೀರಿದ ಆಯಿಲ್ ಇಲ್ಲೂ ಅಪಾಯವೇ. ನಮ್ಮ ಡ್ರೈವರ್‌ಗಳು ಆಯಿಲ್ ಕಮ್ಮಿಯಾದರೆ ಮಾತ್ರ ಚಿಂತೆ ಮಾಡುತ್ತಾರೆ. "ತಿಂಗಳಾದ್ರೂ ಒಂದ್ ಚೂರೂ ಇಳಿದಿಲ್ಲ ಅಣ್ಣ, ಇನ್ನೂ ಜಾಸ್ತಿನೇ ಆಗಿದೆ" ಅಂತ ಹೆಮ್ಮೆಯಿಂದ ಹೇಳಿದವರನ್ನು ನೋಡಿದ್ದೇನೆ. ಸ್ವಾಮೀ, ಆಯಿಲ್ ಮರಿ ಹಾಕುವುದಿಲ್ಲ. ಜಾಸ್ತಿಯಾಗಿದೆ ಅಂದರೆ ಡೀಸೆಲ್ಲೋ ನೀರೋ ಸೇರಿದೆ. ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ ಆ ಗಾಡಿಯನ್ನು ಮುಂದಿನ ಟ್ರಿಪ್‌ಗೆ ಕಳಿಸಬೇಡಿ. ಮೇಸ್ತ್ರಿ ನಮ್ಮ ಗಾಡಿಯದನ್ನೂ ತೆಗೆಸಿ ಮೂಸಿದರು. ಸರಿ ಇತ್ತು.

ಪಂಪ್ ಅಂದ ಗ್ಯಾರೇಜಿನ ಮೇಲೆ ನನಗೆ ಸಿಟ್ಟಿದೆ, ಆದರೆ ಪೂರ್ತಿ ತಪ್ಪು ಅವರದ್ದೇ ಅಂತಲೂ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಗೇರಿಗೆ ಹಾಕಿ ಸಾಯಿಸುತ್ತಾ ನಕ್ಕವರು ನಾವು. ಒಂದು ದಿನವಾದರೂ ಬಾನೆಟ್ ಎತ್ತಿ, ಒಬ್ಬ ನಾಬ್ ಎಳೆಯುವಾಗ ಇನ್ನೊಬ್ಬ ಆ ಲಿವರ್ ಎಷ್ಟು ಜರುಗುತ್ತದೆ ಅಂತ ನೋಡಿದ್ದರೆ ಸಾಕಿತ್ತು. ಅದಕ್ಕೆ ಮೆಕ್ಯಾನಿಕ್ ಬೇಕಾ? ಎರಡು ಜೊತೆ ಕಣ್ಣು ಬೇಕು ಅಷ್ಟೇ ಅಲ್ವಾ.

ಮೇಸ್ತ್ರಿ ನಟ್ ಬಿಗಿ ಮಾಡಿಸಿ, ಕೇಬಲ್‌ಗೆ ಆಯಿಲ್ ಬಿಡಿಸಿ, ಹುಡುಗನಿಗೆ ಟೀ ಕಾಸು ಕೊಡಿ ಸಾಕು ಅಂದರು. ಚಿಕ್ಕಪ್ಪ ಖುಷಿಯಾಗಿ ಹೋಳಿಗೆ ಊಟ ಹಾಕಿಸುತ್ತೇನೆ ಅಂತ ಮಾತು ಕೊಟ್ಟು ಬಂದರು. ಹೊರಡುವಾಗ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದಿನ ಗೇರಲ್ಲಿ ನಿಲ್ಲಿಸಿದ್ದಾರಲ್ಲ, ಕ್ಲಚ್ ಪ್ಲೇಟೂ ಎಂಜಿನ್ ಮೌಂಟಿಂಗೂ ಒಂದ್ಸಲ ನೋಡಿಸಿಬಿಡಪ್ಪ ಅಂದರು. ಹೋಳಿಗೆ ಊಟ ಮುಗಿಯಲಿ, ಆಮೇಲೆ ಚಿಕ್ಕಪ್ಪನಿಗೆ ಹೇಳೋಣ ಅಂತ ಸುಮ್ಮನಿದ್ದೇನೆ.