ಐದು ನಿಮಿಷದ ತಿಂಗಳು, ಅರ್ಧ ಗಂಟೆಯ ವರ್ಷ

ಮೊಬೈಲ್ ಆ್ಯಪ್ ಬರೆಯುವುದು ಒಂದು ಕೆಲಸ. ಅದರೊಳಗೆ ಜನ ಹಣ ಕೊಟ್ಟು ಏನನ್ನಾದರೂ ಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಅವರು ಕೊಳ್ಳುವ ಮೊದಲು, ಒಂದು ರೂಪಾಯಿಯೂ ಕೈಬಿಡದಂತೆ ನಾವೇ ಕೊಂಡು ನೋಡುವುದು ಮಾತ್ರ ಈ ಎರಡಕ್ಕೂ ಸಂಬಂಧವಿಲ್ಲದ ಮೂರನೆಯ ಕೆಲಸ. ಮಕ್ಕಳ ಅಂಗಡಿಯಾಟದಲ್ಲಿ ಹಲಸಿನೆಲೆಯನ್ನು ನೋಟೆಂದು ಕೊಟ್ಟರೆ ಅಂಗಡಿಯವನು ಮರುಮಾತಿಲ್ಲದೆ ತೆಗೆದುಕೊಳ್ಳುತ್ತಾನೆ. ಇಲ್ಲಿ ಎಲೆ ಕೊಡುವವನು ಯಾರು, ಅವನ ಹೆಸರು ಪರೀಕ್ಷಕರ ಪಟ್ಟಿಯಲ್ಲಿದೆಯೇ, ಅವನು ಯಾವ ಜಿಮೇಲ್ ಖಾತೆಯಿಂದ ಬಂದಿದ್ದಾನೆ ಎಂದೆಲ್ಲ ವಿಚಾರಣೆ ನಡೆದ ಮೇಲೆಯೇ ಆಟ ಶುರುವಾಗುತ್ತದೆ.

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಸಂಗೀತಾಭ್ಯಾಸ ಮಾಡುವವರಿಗಾಗಿ ತಂಬೂರಿಯ ಶ್ರುತಿ ನುಡಿಸುವ ಆ್ಯಪ್ ಸಿದ್ಧವಾಗುತ್ತಿತ್ತು. ಚಂದಾ ತಿಂಗಳಿಗೆ 99 ರೂಪಾಯಿ, ವರ್ಷಕ್ಕೆ 799. ತಿಂಗಳ ಚಂದಾ ಸರಿಯಾಗಿ ಕಾಣಿಸಿಕೊಂಡಿತು. ವರ್ಷದ ಚಂದಾ ಒತ್ತಿದರೆ ‘ಈ ವಸ್ತು ಲಭ್ಯವಿಲ್ಲ’ ಎಂಬ ಉತ್ತರ. ಇದಕ್ಕೆ ಕಾರಣಗಳಿಗೇನೂ ಬರವಿಲ್ಲ: ಚಂದಾವನ್ನು ಕನ್ಸೋಲಿನಲ್ಲಿ (ಆ್ಯಪ್ ಮಾಡುವವರಿಗೆ ಗೂಗಲ್ ಪ್ಲೇ ಕೊಡುವ ನಿರ್ವಹಣಾ ತಾಣದಲ್ಲಿ) ಸಕ್ರಿಯಗೊಳಿಸದೆ ಇರಬಹುದು, ಆ್ಯಪಿನ ಆವೃತ್ತಿಯನ್ನು ಆಂತರಿಕ ಪರೀಕ್ಷೆಗೆ ಏರಿಸದೆ ಇರಬಹುದು, ಎಲ್ಲ ಮಾಡಿದ್ದರೂ ಬದಲಾವಣೆ ಇನ್ನೂ ಎಲ್ಲ ಕಡೆ ತಲುಪದೆ ಇರಬಹುದು. ಒಂದೊಂದನ್ನೂ ನೋಡಿ ಸಂಜೆಯಾದ ಮೇಲೆ ತಿಳಿದದ್ದೇನೆಂದರೆ, ಕನ್ಸೋಲಿನಲ್ಲಿ ‘ವಾರ್ಷಿಕ’ ಎಂಬ ಗುರುತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮೂದಿಸಿದ ಮಂಗಳೂರಿನ ಸಹೋದ್ಯೋಗಿ ಒಂದೇ ‘ಎ’ ಹಾಕಿ ಮುಗಿಸಿದ್ದರು. ಕೋಡ್ ಬರೆದ ಧಾರವಾಡದವರು ದೀರ್ಘಕ್ಕೆ ಎರಡು ‘ಎ’ ಬೇಕೇಬೇಕೆಂಬ ಪಕ್ಷದವರು. ಒಮ್ಮೆ ಕೊಟ್ಟ ಗುರುತನ್ನು ಕನ್ಸೋಲಿನಲ್ಲಿ ಬದಲಿಸುವಂತಿಲ್ಲವಾದ್ದರಿಂದ ಧಾರವಾಡವೇ ಸೋಲಬೇಕಾಯಿತು. ವ್ಯಾಕರಣ ತಮ್ಮ ಕಡೆಯೇ ಇದೆ ಎಂದು ಅವರು ಇಂದಿಗೂ ಹೇಳುತ್ತಾರೆ, ಅದು ನಿಜವೂ ಹೌದು.

ಇದಾದ ಮೇಲೆ ಅದೇ ಧಾರವಾಡದವರು ಉತ್ಸಾಹದಿಂದ ಖರೀದಿ ಬಟನ್ ಒತ್ತಿದರು. ಪಟ್ಟಿಯಲ್ಲಿ ಹೆಸರಿರುವ ಪರೀಕ್ಷಕರಿಗೆ ಪ್ಲೇ ಸ್ಟೋರ್ ‘ಯಾವಾಗಲೂ ಒಪ್ಪುವ’, ‘ಯಾವಾಗಲೂ ನಿರಾಕರಿಸುವ’, ‘ಕೆಲ ನಿಮಿಷ ಕಾಯಿಸಿ ಒಪ್ಪುವ’ ಇತ್ಯಾದಿ ಪರೀಕ್ಷಾ ಕಾರ್ಡ್‌ಗಳನ್ನು ತೋರಿಸುತ್ತದೆ, ಹಣ ಕಡಿತವಾಗುವುದಿಲ್ಲವೆಂದು ಒಂದು ಸಾಲಿನಲ್ಲಿ ಅಭಯವನ್ನೂ ಕೊಡುತ್ತದೆ. ಆ ಸಾಲು ಇದ್ದರೆ ಯಾರೂ ಓದುವುದಿಲ್ಲ. ಹೀಗಾಗಿ ಅದು ಇಲ್ಲದಿದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಅವರ ಫೋನಿನಲ್ಲಿ ಆ ದಿನ ಮೇಲೆ ಇದ್ದದ್ದು ಹೆಂಡತಿಯ ಖಾತೆ, ಅದು ಪಟ್ಟಿಯಲ್ಲಿ ಇರಲಿಲ್ಲ. ಎರಡು ನಿಮಿಷದೊಳಗೆ ಮನೆಯಿಂದ ಫೋನ್ ಬಂತು: “ಏಳ್ನೂರಾ ತೊಂಬತ್ತೊಂಬತ್ತ ಹೋತಲ್ರೀ ನನ್ನ ಅಕೌಂಟಿನ್ಯಾಗಿಂದ! ನಮಗ್ಯಾಕ ಬೇಕಿತ್ರೀ ತಂಬೂರಿ?” ಕನ್ಸೋಲಿನಿಂದ ಹಣ ಹಿಂದಿರುಗಿಸುವುದು ಸುಲಭ, ಎರಡನೆಯ ಪ್ರಶ್ನೆಗೆ ಕನ್ಸೋಲಿನಲ್ಲಿ ಬಟನ್ ಇಲ್ಲ.

ವ್ಯವಸ್ಥಾಪಕರ ಎದುರಿನ ಪ್ರದರ್ಶನದಲ್ಲಿ ಖರೀದಿ ಚೆನ್ನಾಗಿಯೇ ನಡೆಯಿತು. ಅವರು ಸಂತೋಷಪಟ್ಟು ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಸದಸ್ಯತ್ವ ಮಾಯವಾಗಿತ್ತು. ಕೊಂಡದ್ದು ತಲುಪಿತೆಂದು ಆ್ಯಪಾಗಲಿ ನಮ್ಮ ಸರ್ವರಾಗಲಿ ಮೂರು ದಿನಗಳೊಳಗೆ ಸ್ವೀಕೃತಿ ಕಳಿಸದಿದ್ದರೆ ಗೂಗಲ್ ಪ್ಲೇ ಖರೀದಿಯನ್ನು ರದ್ದುಮಾಡಿ ಹಣ ಹಿಂದಿರುಗಿಸುತ್ತದೆ. ಪರೀಕ್ಷಕರಿಗಾದರೆ ಆ ಮೂರು ದಿನವೇ ಕೆಲವೇ ನಿಮಿಷ. ನ್ಯಾಯವಾದ ನಿಯಮವೇ, ಆದರೆ ಕಾಫಿ ಯಂತ್ರದ ಮುಂದಿನ ಸಾಲು ಅದಕ್ಕಿಂತ ಉದ್ದ.

ಪರೀಕ್ಷಾಲೋಕದ ಕಾಲಮಾನವೇ ಬೇರೆ. ಅಲ್ಲಿ ಒಂದು ತಿಂಗಳೆಂದರೆ ಐದು ನಿಮಿಷ, ಒಂದು ವರ್ಷವೆಂದರೆ ಅರ್ಧ ಗಂಟೆ, ಆರು ನವೀಕರಣಗಳಾದ ಮೇಲೆ ಚಂದಾ ತಾನಾಗಿ ನಿಂತುಹೋಗುತ್ತದೆ. ಆ್ಯಪಲ್‌ನ ಪರೀಕ್ಷಾಲೋಕವಾದ ಸ್ಯಾಂಡ್‌ಬಾಕ್ಸ್‌ನಲ್ಲಿ ತಿಂಗಳೇನೋ ಅದೇ ಐದು ನಿಮಿಷ, ವರ್ಷ ಮಾತ್ರ ಪೂರ್ತಿ ಒಂದು ಗಂಟೆ. (ಐಫೋನಿನಲ್ಲಿ ನಮಗೆ ಆ ಒಂದು ಗಂಟೆಯ ಭಾಗ್ಯ ತಡವಾಗಿ ಒದಗಿತು. ಮಾರಾಟದ ಒಪ್ಪಂದ, ತೆರಿಗೆ, ಬ್ಯಾಂಕ್ ವಿವರಗಳು ಪೂರ್ಣಗೊಳ್ಳದೆ ಅಲ್ಲಿ ವಸ್ತುಗಳ ಪಟ್ಟಿಯೇ ಖಾಲಿ ಬರುತ್ತದೆ. ನಾವು ಕೋಡನ್ನು ಜಾಲಾಡುತ್ತಿದ್ದ ಅಷ್ಟೂ ದಿನ ಆ ಅರ್ಜಿ ನಮ್ಮದೇ ಲೆಕ್ಕಪತ್ರ ವಿಭಾಗದಲ್ಲಿ ಸಹಿಗಾಗಿ ಕಾದಿತ್ತು.) ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಚಂದಾ ತಾನಾಗಿ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಐದು ನಿಮಿಷದ ತಿಂಗಳಿನ ಲೆಕ್ಕದಲ್ಲಿ ಅದು 24 ವರ್ಷ ಮುಂಚಿತವಾದ ಸೂಚನೆ. ಪುಣ್ಯಕ್ಕೆ ಪರೀಕ್ಷಾ ಕಾರ್ಡಿಗೆ ಬ್ಯಾಂಕೇ ಇಲ್ಲ.

ಈ ಕಾಲಗಣನೆಯನ್ನು ಯಾರಿಗೂ ವಿವರಿಸದೆ ಬಸವನಗುಡಿಯ ಸಹೋದ್ಯೋಗಿಯೊಬ್ಬರು ತಮ್ಮ ತಾಯಿಯ ಹೆಸರನ್ನು ಪರೀಕ್ಷಕರ ಪಟ್ಟಿಗೆ ಸೇರಿಸಿ, ಅವರ ಫೋನಿನಲ್ಲಿ ತಿಂಗಳ ಚಂದಾ ಕೊಂಡುಕೊಟ್ಟು ಆಫೀಸಿಗೆ ಬಂದುಬಿಟ್ಟರು. ತಾಯಿ ಸಂಗೀತದ ಮೇಷ್ಟ್ರು. ಶಿಷ್ಯೆಯರನ್ನು ಕೂರಿಸಿಕೊಂಡು, ಶ್ರುತಿ ಹಿಡಿದು, ವರ್ಣ ಮುಗಿಸಿ ಕಲ್ಯಾಣಿಯ ಆಲಾಪನೆಗೆ ತೊಡಗಿದರು. ಐದು ನಿಮಿಷಕ್ಕೊಮ್ಮೆ ಫೋನು ‘ಟಿಣ್’ ಎನ್ನುತ್ತಿತ್ತು, ನವೀಕರಣದ ರಸೀದಿ ಮೇಲಿಂದ ಮೇಲೆ ಬಂದು ಬೀಳುತ್ತಿತ್ತು. ರಾಗ ತಾರಸ್ಥಾಯಿಗೆ ಏರಿ ಷಡ್ಜದ ಮೇಲೆ ನಿಲ್ಲಬೇಕೆನ್ನುವಾಗ ತಂಬೂರಿ ನಿಂತು, ‘ನಿಮ್ಮ ಸದಸ್ಯತ್ವ ಮುಗಿದಿದೆ’ ಎಂಬ ಫಲಕ ಬಂತು. ಅವರು ಶ್ರುತಿಯಿಲ್ಲದೆಯೇ ಷಡ್ಜವನ್ನು ಮುಟ್ಟಿ ಇಳಿದು, ಆಮೇಲೆ ಮಗನಿಗೆ ಫೋನ್ ಮಾಡಿದರು: “ಏನೋ, ಒಂದು ತಿಂಗಳಿಗೆ ದುಡ್ಡು ಕಟ್ಟಿದೀನಿ ಅಂದೆ. ಕಲ್ಯಾಣಿ ಪೂರ್ತಿ ಹಾಡೋಕೆ ಎಷ್ಟು ತಿಂಗಳು ಬೇಕೋ ನಿನ್ನ ಲೆಕ್ಕದಲ್ಲಿ?” ಪರೀಕ್ಷೆಯ ವರದಿಯಲ್ಲಿ ಇದನ್ನು ‘ಅವಧಿ ಮುಗಿದಾಗ ಸೇವೆ ಸರಿಯಾಗಿ ಸ್ಥಗಿತಗೊಂಡಿದೆ’ ಎಂದು ಹಸಿರು ಗುರುತಿನೊಂದಿಗೆ ದಾಖಲಿಸಲಾಯಿತು.

ತಾಯಿ ಅಷ್ಟಕ್ಕೇ ಬಿಟ್ಟರು. ಬಿಡದವರು ತಂದೆ. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ, ಮನೆಯ ಲೆಕ್ಕವನ್ನು ಇಂದಿಗೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುವವರು. ಏಳು ರಸೀದಿಗಳನ್ನೂ ಪ್ರಿಂಟ್ ತೆಗೆಸಿ, ಒಟ್ಟು 693 ರೂಪಾಯಿಯೆಂದು ಕೂಡಿ, ಪಾಸ್‌ಬುಕ್ ಹಾಕಿಸಿಕೊಂಡು ಬಂದು ನೋಡಿದರೆ ಒಂದು ಪೈಸೆಯೂ ಕಡಿತವಾಗಿರಲಿಲ್ಲ. ಅವರ ನಿದ್ದೆ ಕೆಟ್ಟದ್ದು ಆಗಲೇ. ಮಗ ಎಷ್ಟು ಸಮಾಧಾನ ಹೇಳಿದರೂ ಒಪ್ಪದೆ, ಮನೆಗೆ ಹೋಗಿದ್ದ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ದುಡ್ಡು ಹೋಗಿ ರಸೀದಿ ಬರದಿದ್ದರೆ ಬ್ರಾಂಚ್ ಮ್ಯಾನೇಜರಿಗೆ ದೂರು ಕೊಡಬಹುದಪ್ಪ. ರಸೀದಿ ಬಂದು ದುಡ್ಡು ಹೋಗದಿದ್ದರೆ ಯಾರಿಗೆ ಕೊಡೋದು?” ಅದು ಪರೀಕ್ಷೆಯ ಖರೀದಿ, ಹಣವೇ ಇಲ್ಲದ್ದು ಎಂದು ನಾನೂ ವಿವರಿಸಿದೆ. ಅವರು ಸೌಜನ್ಯದಿಂದ ಪೂರ್ತಿ ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು, ರಿಜಿಸ್ಟರ್ ತೆರೆದು, ಆ 693 ರೂಪಾಯಿಯನ್ನು, ತಲೆಬುಡ ತಿಳಿಯದ ಮೊತ್ತಗಳನ್ನು ಸದ್ಯಕ್ಕೆ ಇಡುವ ಸಸ್ಪೆನ್ಸ್ ಖಾತೆಗೆ ಬರೆದುಕೊಂಡರು.