ಗಾಳ ಬಿಡುವ ಮುಂಚೆ ನೀರಿನ ತಾಪ ನೋಡಿ: ಎಲೆವನ್ ಪಾಯಿಂಟ್ ನದಿಯ ಟ್ರೌಟ್ ಮತ್ತು ಸ್ಮಾಲ್‌ಮೌತ್

ಅಮೆರಿಕದ ಬೆಂಟನ್‌ವಿಲ್, ಸೇಂಟ್ ಲೂಯಿಸ್ ಕಡೆ ಇರುವ ನಮ್ಮ ಕನ್ನಡದವರು ಓಝಾರ್ಕ್ ಬೆಟ್ಟಗಳಿಗೆ ಮೀನು ಹಿಡಿಯಲು ಹೊರಟರೆ ಮೊದಲು ಕೇಳುವುದು ಯಾವ ರಾಡ್ ಕೊಳ್ಳಬೇಕು ಅಂತ. ರಾಡ್ ಆಮೇಲೆ ಕೊಳ್ಳಿ, ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ದಾರ ಕಟ್ಟಿ ನೀರಿಗೆ ಇಳಿಬಿಡುವಂಥದ್ದು, ಕಡಿಮೆ ಬೆಲೆಯದ್ದೇ ಸಾಕು. ತಣ್ಣೀರಿನ ಮೀನಾದ ಟ್ರೌಟ್ ಮತ್ತು ಬೆಚ್ಚನೆ ನೀರಿಗೆ ಒಗ್ಗುವ ಸ್ಮಾಲ್‌ಮೌತ್ ಬಾಸ್ ಎರಡೂ ಇರುವ ನದಿಯಲ್ಲಿ ಯಾವ ಮೀನು ಎಲ್ಲಿದೆ, ಯಾವ ಹೊತ್ತಲ್ಲಿ ಅದನ್ನು ಹಿಡಿಯಬಾರದು ಅನ್ನೋದನ್ನು ಹೇಳುವುದು ನೀರಿನ ತಾಪ. ಅದನ್ನು ನೋಡದೆ ಗಾಳ ಎಸೆಯುವವರು ದಿನವಿಡೀ ಖಾಲಿ ನೀರಿಗೆ ಎಸೆಯುತ್ತಾರೆ, ಇಲ್ಲವೇ ಬದುಕಬೇಕಾದ ಮೀನನ್ನು ಗೊತ್ತಿಲ್ಲದೇ ಕೊಲ್ಲುತ್ತಾರೆ.

ಮಿಸ್ಸೂರಿಯ ದಕ್ಷಿಣ ತುದಿಯಲ್ಲಿ, ಆಲ್ಟನ್ ಊರಿನ ಹತ್ತಿರ ಹರಿಯುವ ಎಲೆವನ್ ಪಾಯಿಂಟ್ ನದಿಯನ್ನೇ ತಗೊಳ್ಳಿ. ಅಮೆರಿಕದ ವೈಲ್ಡ್ ಅಂಡ್ ಸೀನಿಕ್ ನದಿಗಳ ಕಾನೂನು 1968ರಲ್ಲಿ ಬಂದಾಗ ಮೊದಲ ಪಟ್ಟಿಯಲ್ಲೇ ರಕ್ಷಣೆ ಸಿಕ್ಕ ಎಂಟು ನದಿಗಳಲ್ಲಿ ಇದೂ ಒಂದು. ಮೇಲ್ಭಾಗದಲ್ಲಿ ಇದು ಸಾಧಾರಣ ಓಝಾರ್ಕ್ ಹೊಳೆ. ಬೇಸಿಗೆಯಲ್ಲಿ ಬೆಚ್ಚಗಾಗುತ್ತದೆ, ಸ್ಮಾಲ್‌ಮೌತ್ ಮತ್ತು ರಾಕ್ ಬಾಸ್ ಇರುತ್ತವೆ. ಹೈವೇ 19ರ ಸೇತುವೆಯ ಹತ್ತಿರ ಗ್ರೀರ್ ಚಿಲುಮೆಯ ನೀರು ಬಂದು ಸೇರಿದ ಮೇಲೆ ಅದೇ ಹೊಳೆಯ ಗುಣವೇ ಬದಲಾಗುತ್ತದೆ. ಮಿಸ್ಸೂರಿಯಲ್ಲೇ ಎರಡನೇ ದೊಡ್ಡ ಚಿಲುಮೆ ಅದು. ದಿನಕ್ಕೆ ಸರಾಸರಿ ಸುಮಾರು 22 ಕೋಟಿ ಗ್ಯಾಲನ್ ನೀರು, ಚಳಿಗಾಲವಿರಲಿ ಬೇಸಿಗೆಯಿರಲಿ 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೆಲದೊಳಗಿಂದ ಉಕ್ಕುತ್ತದೆ. ನದಿಯ ಹರಿವು ಅಲ್ಲಿಗೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಲ್ಲಿಂದ ಟರ್ನರ್ ಮಿಲ್‌ವರೆಗಿನ ಸುಮಾರು ಐದು ಮೈಲಿ ಬ್ಲೂ ರಿಬ್ಬನ್ ಟ್ರೌಟ್ ವಲಯ, ಅಂದರೆ ಕಟ್ಟುನಿಟ್ಟಿನ ನಿಯಮಗಳಿರುವ ಟ್ರೌಟ್ ನೀರು.

ಜುಲೈನಲ್ಲಿ ಎರಡು ನೀರು ಸೇರುವ ಕಡೆ ಅಳೆದು ನೋಡಿ. ಸೇರಿದ ತಕ್ಷಣ ಅವು ಬೆರೆಯುವುದಿಲ್ಲ. ಒಂದು ದಡದ ಕಡೆ ಚಿಲುಮೆಯ ತಣ್ಣೀರು, ಇನ್ನೊಂದು ದಡದ ಕಡೆ ಮೇಲಿಂದ ಬಂದ ಬೆಚ್ಚನೆ ನೀರು, ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಆ ಗಡಿಯ ಆಚೆ ಈಚೆ ಗಾಳ ಹಾಕುವುದು ಅಂದರೆ ಎರಡು ಬೇರೆ ನದಿಗಳಿಗೆ ಹಾಕಿದ ಹಾಗೆ. ಅಳೆಯುವಾಗ ದಡದ ನಿಂತ ನೀರು ಬೇಡ, ಅದು ಬಿಸಿಲಿಗೆ ಕಾದು ಸುಳ್ಳು ಲೆಕ್ಕ ಕೊಡುತ್ತದೆ. ಮೊಣಕಾಲುದ್ದ ಹರಿಯುವ ನೀರಲ್ಲಿ ನಿಂತು, ನಿಮ್ಮ ನೆರಳು ಬೀಳುವ ಕಡೆ, ಒಂದಡಿ ಆಳಕ್ಕೆ ಇಳಿಬಿಟ್ಟು ಪೂರ್ತಿ ಒಂದು ನಿಮಿಷ ಬಿಡಿ. ಮೇಲಕ್ಕೆತ್ತಿ ಓದಬೇಡಿ, ಗಾಜು ನೀರಲ್ಲಿ ಇರುವಾಗಲೇ ಓದಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೂರರ ಮೇಲೆ ಇನ್ನೊಂದು ಸಲ.

10ರಿಂದ 16 ಡಿಗ್ರಿ ಇದ್ದರೆ ಟ್ರೌಟ್ ಚೆನ್ನಾಗಿ ಮೇಯುತ್ತದೆ. 20 ಡಿಗ್ರಿ, ಅಂದರೆ 68 ಫ್ಯಾರನ್‌ಹೀಟ್ ಮುಟ್ಟಿದರೆ ಟ್ರೌಟ್ ಹಿಡಿಯುವುದನ್ನು ನಿಲ್ಲಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಜಾಸ್ತಿ. ಗಾಳದಲ್ಲಿ ಸೆಣಸಿ ಸುಸ್ತಾದ ಮೀನು ನಿಮ್ಮ ಕೈಯಿಂದ ಈಜಿಕೊಂಡು ಹೋದ ಹಾಗೆ ಕಾಣುತ್ತದೆ, ಆಮೇಲೆ ಎಲ್ಲೋ ಮಡುವಿನ ತಳದಲ್ಲಿ ಸಾಯುತ್ತದೆ. ಫೋಟೋ ತೆಗೆದು ಬಿಟ್ಟೆವು ಅಂದರೆ ಬದುಕಿಸಿದೆವು ಅಂತಲ್ಲ. ಗ್ರೀರ್‌ ಹತ್ತಿರ ನೀರು ಅಷ್ಟು ಬಿಸಿಯಾಗುವುದು ಕಮ್ಮಿ. ಕೆಳಹರಿವಿನ ರಿವರ್ಟನ್ ಕಡೆಗೆ ಇಳಿದಂತೆಲ್ಲ, ಆಗಸ್ಟ್ ಮಧ್ಯಾಹ್ನಗಳಲ್ಲಿ, ಅಳೆಯದೆ ಎಸೆಯಬೇಡಿ. ನೀರು ಬಿಸಿಯಾದರೆ ದಿನ ಹಾಳಾಯಿತು ಅಂದುಕೊಳ್ಳಬೇಕಿಲ್ಲ, ಅದು ಸ್ಮಾಲ್‌ಮೌತ್ ಹೊತ್ತು.

ಟ್ರೌಟ್‌ಗೆ ಒಂಬತ್ತು ಅಡಿಯ 5 ವೇಟ್ (ಮಧ್ಯಮ ತೂಕದ) ಫ್ಲೈ ರಾಡ್, ಅಂದರೆ ಹುಳುವಿನಂತೆ ಕಟ್ಟಿದ ಹಗುರ ಕೊಕ್ಕೆ (ಫ್ಲೈ) ಎಸೆಯುವ ರಾಡ್. ಒಂಬತ್ತು ಅಡಿ ಲೀಡರ್, ಅಂದರೆ ದಪ್ಪ ದಾರದ ತುದಿಗೆ ಕಟ್ಟುವ ತೆಳು ದಾರ, ಅದರ ತುದಿ 4ಎಕ್ಸ್ ದಪ್ಪದ್ದು. ಗ್ರೀರ್ ಕೆಳಗಿನ ನೀರು ಆಳ, ಸೆಳವೂ ಜೋರು, ಹಾಗಾಗಿ ತೆಳು ದಾರದ ನಾಜೂಕುತನ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. 8 ಅಥವಾ 10ನೇ ಸೈಜಿನ ಭಾರದ ಸ್ಟೋನ್‌ಫ್ಲೈ ನಿಂಫ್ (ನೀರೊಳಗಿನ ಹುಳುಮರಿಯಂಥ ಫ್ಲೈ), ಅದರಿಂದ ಒಂದೂವರೆ ಅಡಿ ಕೆಳಗೆ 14ನೇ ಸೈಜಿನ ಹೇರ್ಸ್ ಇಯರ್ ಎಂಬ ಇನ್ನೊಂದು ನಿಂಫ್. ಬೆಂಡನ್ನು ನಿಂಫ್‌ನಿಂದ ನೀರಿನ ಆಳದ ಒಂದೂವರೆ ಪಟ್ಟು ಮೇಲೆ ದಾರಕ್ಕೆ ಕಟ್ಟಿ. ಬಹುತೇಕರಿಗೆ ಮೀನು ಸಿಗದಿರಲು ಫ್ಲೈ ಕಾರಣವಲ್ಲ, ಎಳೆತ ಕಾರಣ. ಬೆಂಡಿನ ಪಕ್ಕದಲ್ಲಿ ತೇಲುವ ನೊರೆಗುಳ್ಳೆಗಳನ್ನು ನೋಡಿ. ಬೆಂಡು ಗುಳ್ಳೆಗಿಂತ ಮುಂದೆ ಓಡುತ್ತಿದ್ದರೆ ನಡುವಿನ ಜೋರು ನೀರು ದಾರದ ನಡುಭಾಗವನ್ನು ಎಳೆಯುತ್ತಿದೆ, ಕೆಳಗಿನ ನಿಂಫ್ ತಳ ಬಿಟ್ಟು ಮೇಲೆದ್ದಿದೆ ಅಂತ ಅರ್ಥ. ರಾಡ್ ತುದಿಯಿಂದ ದಾರವನ್ನು ಎತ್ತಿ ಮೇಲ್‌ಹರಿವಿನ ಕಡೆ ಹೊರಳಿಸಿ ಹಾಕಿ. ತಳದ ನೀರು ಮೇಲಿನದಕ್ಕಿಂತ ನಿಧಾನ, ಹಾಗಾಗಿ ಬೆಂಡು ಗುಳ್ಳೆಗಿಂತ ತುಸು ಹಿಂದೆ ಬಿದ್ದರೆ ಸರಿಯಾಗಿದೆ. ಆಗಾಗ ಕಲ್ಲು ತಾಗಬೇಕು. ಹತ್ತು ಸಲ ಬಿಟ್ಟರೂ ಒಂದು ಸಲವೂ ತಾಗದಿದ್ದರೆ ಸೀಸದ ಗುಂಡು ಒಂದು ಹೆಚ್ಚಿಸಿ, ಫ್ಲೈ ಬದಲಾಯಿಸುತ್ತಾ ಕೂರಬೇಡಿ.

ಸ್ಪಿನ್ನಿಂಗ್ ರಾಡ್‌ನವರಿಗೆ ಒಂದು ಔನ್ಸಿನ ಎಂಟನೇ ಒಂದು ಭಾಗ ತೂಕದ ಸ್ಪಿನ್ನರ್ (ನೀರಲ್ಲಿ ತಿರುಗುವ ತಗಡಿನ ಆಮಿಷ), 4ರಿಂದ 6 ಪೌಂಡ್ ದಾರ. ಬ್ಲೂ ರಿಬ್ಬನ್ ವಲಯದಲ್ಲಿ ಫ್ಲೈ ಮತ್ತು ಲ್ಯೂರ್ (ಕೃತಕ ಆಮಿಷ) ಮಾತ್ರ, ಮೆತ್ತನೆ ಪ್ಲಾಸ್ಟಿಕ್ ಕೂಡ ನಿಷೇಧ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಹಿಟ್ಟಿನುಂಡೆ ಕಟ್ಟುತ್ತಿದ್ದ ಕೈ ಇಲ್ಲಿ ಆ ಅಭ್ಯಾಸ ಬಿಡಬೇಕು, ಎರೆಹುಳವೂ ಇಲ್ಲ, ಹಿಟ್ಟೂ ಇಲ್ಲ. ದಿನಕ್ಕೆ ಒಂದೇ ಟ್ರೌಟ್ ಇಟ್ಟುಕೊಳ್ಳಬಹುದು, ಅದೂ 18 ಇಂಚಿಗಿಂತ ಕಮ್ಮಿ ಇರಬಾರದು. ಟ್ರೌಟ್ ಇಟ್ಟುಕೊಳ್ಳಬೇಕಾದರೆ ಮಾಮೂಲಿ ಪರ್ಮಿಟ್ ಜೊತೆ ಟ್ರೌಟ್ ಪರ್ಮಿಟ್ ಬೇರೆ ಬೇಕು.

ಈಗ ಸ್ಮಾಲ್‌ಮೌತ್. ರೇನ್‌ಬೋ ಟ್ರೌಟ್ ಕ್ಯಾಲಿಫೋರ್ನಿಯಾ ಕಡೆಯಿಂದ 19ನೇ ಶತಮಾನದಲ್ಲಿ ತಂದು ಬಿಟ್ಟ ಮೀನು. ಸ್ಮಾಲ್‌ಮೌತ್ ಈ ಹೊಳೆಗಳ ಸ್ವಂತ ಮೀನು. ಆದರೂ ಟ್ರೌಟ್‌ಗೆ ಸಿಗುವ ಮರ್ಯಾದೆ ಅದಕ್ಕೆ ಸಿಗುವುದಿಲ್ಲ, ಇದು ನನಗೆ ಸರಿ ಕಾಣುವುದಿಲ್ಲ. ರಾಜ್ಯದ ಸಾಮಾನ್ಯ ನಿಯಮದಲ್ಲಿ 12 ಇಂಚಿನ ಮೇಲಿನ ಬಾಸ್ ದಿನಕ್ಕೆ ಆರು ಇಟ್ಟುಕೊಳ್ಳಬಹುದು. ಓಝಾರ್ಕ್ ಹೊಳೆಯಲ್ಲಿ ಈ ಮೀನು ನಿಧಾನ ಬೆಳೆಯುತ್ತದೆ, 12 ಇಂಚು ಮುಟ್ಟಲು ನಾಲ್ಕೈದು ವರ್ಷ ಬೇಕು. ವಿಶೇಷ ನಿರ್ವಹಣೆಯ ನದಿಭಾಗಗಳಲ್ಲಿ 15 ಇಂಚು, ಒಂದೇ ಮೀನು ಅನ್ನುವ ನಿಯಮವಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲ ಓಝಾರ್ಕ್ ಹೊಳೆಗಳಿಗೂ ಕನಿಷ್ಠ ಅದೇ ಇರಬೇಕು. ಅಲ್ಲಿವರೆಗೆ ಹಿಡಿದು ವಾಪಸ್ ಬಿಡುವುದು ನಮ್ಮ ಕೈಯಲ್ಲೇ ಇದೆ.

ಇದರ ಮುಖ್ಯ ಆಹಾರ ಕ್ರೇಫಿಶ್, ಸೀಗಡಿಯ ಬಳಗದ, ಏಡಿಯಂಥ ಕೊಂಡಿಗಳಿರುವ ಪ್ರಾಣಿ. ಅದು ತಳದಲ್ಲಿ ನಿಧಾನ ತೆವಳುತ್ತದೆ, ಹೆದರಿದರೆ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ನಿಲ್ಲುತ್ತದೆ. ಲ್ಯೂರ್ ಹಾಗೇ ಆಡಬೇಕು. ಮೂರು ಇಂಚಿನ ಹಸಿರು-ಕಂದು ಬಣ್ಣದ ಟ್ಯೂಬ್ (ಕೊಳವೆಯಂಥ ಮೆತ್ತನೆ ಪ್ಲಾಸ್ಟಿಕ್ ಲ್ಯೂರ್), ಔನ್ಸಿನ ಎಂಟನೇ ಒಂದು ಭಾಗದ ಜಿಗ್ ಹೆಡ್ (ತಲೆಯಲ್ಲಿ ಭಾರವಿರುವ ಕೊಕ್ಕೆ), 8 ಪೌಂಡ್ ಫ್ಲೋರೋಕಾರ್ಬನ್ ದಾರ, ಆರೂವರೆ ಅಡಿ ಮೀಡಿಯಂ ರಾಡ್. ಬಂಡೆಯ ಮೇಲ್‌ಹರಿವಿನ ಕಡೆ ಎಸೆದು ತಳ ಮುಟ್ಟುವವರೆಗೆ ಬಿಡಿ, ದಾರ ಸಡಿಲಾದರೆ ಮುಟ್ಟಿತು ಅಂತ. ಸೆಳವಿನ ಜೊತೆ ಉರುಳಲು ಬಿಡಿ, ಎರಡು ಸಣ್ಣ ಎಳೆತ, ಆಮೇಲೆ ಮೂರು ಸೆಕೆಂಡು ಸುಮ್ಮನೆ. ಮೀನು ಕಚ್ಚುವುದು ಬಹುತೇಕ ಆ ಸುಮ್ಮನಿರುವ ಹೊತ್ತಲ್ಲಿ. ಟಕ್ಕಂತ ಹೊಡೆತ ಬರುತ್ತದೆ ಅಂತ ಕಾಯಬೇಡಿ. ಪಾಚಿ ಸಿಕ್ಕಿದ ಹಾಗೆ ಭಾರ ಬರುತ್ತದೆ, ಇಲ್ಲವೇ ದಾರ ಪಕ್ಕಕ್ಕೆ ಸರಿಯುತ್ತದೆ. ಆಗ ರಾಡ್ ಮೇಲಕ್ಕೆ ಕೀಳದೆ ಪಕ್ಕಕ್ಕೆ ಬೀಸಿ ಎಳೆಯಿರಿ.

ಜಿಗ್ ಪದೇ ಪದೇ ಕಲ್ಲಿನ ಸಂದಿಗೆ ಸಿಕ್ಕಿಬೀಳುತ್ತಿದ್ದರೆ ತೂಕ ಜಾಸ್ತಿಯಾಗಿದೆ. ಓಝಾರ್ಕ್ ತಳ ಚರ್ಟ್ ಎಂಬ ಗಟ್ಟಿ ಕಲ್ಲಿನದು, ಸಂದಿಗಳು ಹರಿತ, ದಾರವನ್ನೂ ಸವೆಸುತ್ತವೆ. ಅರ್ಧ ಗಂಟೆಗೊಮ್ಮೆ ಕೊನೆಯ ಎರಡಡಿ ದಾರವನ್ನು ಬೆರಳಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ಎರಡಡಿಯಲ್ಲೇ. ಬೆಳಗಿನ ಜಾವ, ಮಂಜು ಆರುವ ಮುಂಚೆ, ಮಡು ಮುಗಿಯುವ ಕಡೆ ಸಣ್ಣ ಪಾಪರ್ (ನೀರ ಮೇಲೆ ತೇಲುವ ಲ್ಯೂರ್) ಹಾಕಿದರೆ ಅದರ ಖುಷಿಯೇ ಬೇರೆ. ಮೆತ್ತನೆ ಪ್ಲಾಸ್ಟಿಕ್ ಟ್ಯೂಬ್ ಬ್ಲೂ ರಿಬ್ಬನ್ ವಲಯದಲ್ಲಿ ನಡೆಯದು ಅಂತ ಮರೆಯಬೇಡಿ. ಅಲ್ಲಿ ಸ್ಮಾಲ್‌ಮೌತ್‌ಗೂ ಫ್ಲೈ ಅಥವಾ ಗಟ್ಟಿ ಲ್ಯೂರ್ ಮಾತ್ರ. 4ನೇ ಸೈಜಿನ ಕ್ಲೌಸರ್ ಮಿನ್ನೋ, ಅಂದರೆ ಸಣ್ಣ ಮೀನಿನಂತೆ ಕಟ್ಟಿದ ಫ್ಲೈ, ಎರಡೂ ಮೀನಿಗೆ ಆಗುತ್ತದೆ.

ವಸಂತದಲ್ಲಿ ನೀರು 15 ಡಿಗ್ರಿ ದಾಟಿದ ಮೇಲೆ ಗಂಡು ಸ್ಮಾಲ್‌ಮೌತ್ ದೊಡ್ಡ ಕಲ್ಲಿನ ಪಕ್ಕದ ಜಲ್ಲಿಯನ್ನು ಬಾಲದಿಂದ ಗುಡಿಸಿ ಗೂಡು ಮಾಡುತ್ತದೆ. ಸುತ್ತಲಿನ ಕಪ್ಪು ಜಲ್ಲಿಯ ನಡುವೆ ತೊಳೆದಿಟ್ಟ ಹಾಗೆ ಬೆಳ್ಳಗಿರುವ ವೃತ್ತ, ಎರಡು ಮೂರಡಿ ಅಗಲ. ಮೊಟ್ಟೆ, ಮರಿಗಳನ್ನು ಕಾಯುವುದೂ ಗಂಡೇ. ಹತ್ತಿರ ಬಂದದ್ದನ್ನೆಲ್ಲ ಕಚ್ಚುವುದರಿಂದ ಆಗ ಅದನ್ನು ಹಿಡಿಯುವುದು ಅತಿ ಸುಲಭ. ಅದನ್ನು ಎತ್ತಿದ ಕೆಲವೇ ನಿಮಿಷಗಳಲ್ಲಿ ಸನ್‌ಫಿಶ್ ಎಂಬ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ಮಿಸ್ಸೂರಿ ನದಿಯ ದಕ್ಷಿಣದ ಹೆಚ್ಚಿನ ಹೊಳೆಗಳಲ್ಲಿ ಮಾರ್ಚ್ 1ರಿಂದ ಮೇ ತಿಂಗಳ ನಾಲ್ಕನೇ ಶನಿವಾರದವರೆಗೆ ಬಾಸ್ ಇಟ್ಟುಕೊಳ್ಳುವಂತಿಲ್ಲ, ಹಿಡಿದು ಬಿಡಬಹುದು. ಕಾನೂನು ಬಿಟ್ಟರೂ, ಬೆಳ್ಳನೆ ವೃತ್ತ ಕಂಡರೆ ಅಲ್ಲಿಗೆ ಎಸೆಯಬೇಡಿ.

ಮೀನು ಬಿಡುವ ರೀತಿ ಎರಡಕ್ಕೂ ಒಂದೇ: ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿ ಚಪ್ಪಟೆ ಮಾಡಿ, ಕೈ ಒದ್ದೆ ಮಾಡಿಕೊಳ್ಳಿ, ಕಿವಿರಿಗೆ ಬೆರಳು ಹಾಕಬೇಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ನೀರಿನ ಹೊರಗೆ ಇಡಬೇಡಿ.

ಇಷ್ಟೆಲ್ಲ ನಿಂತಿರುವುದು ಆ ತಣ್ಣೀರಿನ ಮೇಲೆ. ಓಝಾರ್ಕ್ ನೆಲ ಸುಣ್ಣಕಲ್ಲಿನದು, ಒಳಗೆಲ್ಲ ಪೊಳ್ಳು. ದೂರದಲ್ಲಿ ಬಿದ್ದ ಮಳೆ ಕುಸಿದ ಗುಂಡಿಗಳಿಂದ ಇಳಿದು, ಮಣ್ಣಲ್ಲಿ ಸೋಸದೇ ಚಿಲುಮೆಯಲ್ಲಿ ಬರುತ್ತದೆ. 1978ರಲ್ಲಿ ವೆಸ್ಟ್ ಪ್ಲೇನ್ಸ್ ಊರಿನ ಕೊಳಚೆ ಕೆರೆಯ ತಳ ಕುಸಿದಾಗ ಆ ನೀರು ನೆಲದೊಳಗೆ ಹರಿದು ಅರ್ಕಾನ್ಸಾದ ಮ್ಯಾಮತ್ ಸ್ಪ್ರಿಂಗ್‌ನಲ್ಲಿ ಹೊರಬಂತು. ಹೊಲದ ಗುಂಡಿಗೆ ಸತ್ತ ದನ, ಹಳೇ ಬ್ಯಾಟರಿ ಎಸೆಯುವುದು ಅಂದರೆ ನೇರವಾಗಿ ನದಿಗೆ ಎಸೆದ ಹಾಗೇ. ಅಲ್ಲಿ ಜಮೀನು ಕೊಳ್ಳುವ ಯೋಚನೆಯಿರುವವರು ಮೊದಲು ಆ ಗುಂಡಿಗಳನ್ನು ನೋಡಿ.

ಕೊನೆಗೆ ಎರಡು ವಿಷಯ. ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ಬೂಟು ಮಿಸ್ಸೂರಿಯ ಟ್ರೌಟ್ ನೀರಲ್ಲಿ 2012ರ ಮಾರ್ಚ್‌ನಿಂದ ನಿಷೇಧ, ಡಿಡಿಮೋ ಎಂಬ ಪಾಚಿ ಒಂದು ಹೊಳೆಯಿಂದ ಇನ್ನೊಂದಕ್ಕೆ ಅದರಲ್ಲಿ ಅಂಟಿ ಹೋಗಬಾರದು ಅಂತ. ಲೋಹದ ಮೊಳೆಯಿರುವ ರಬ್ಬರ್ ಅಡಿ ತಗೊಳ್ಳಿ. ಹೊರಡುವ ಹಿಂದಿನ ರಾತ್ರಿ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಬಾರ್ಡ್ಲಿ ಹತ್ತಿರದ ಮಾಪಕದಲ್ಲಿ ನೀರಿನ ಮಟ್ಟ ನೋಡಿ. ಮಟ್ಟ ಏರುತ್ತಿದ್ದರೆ ಆ ನದಿಯಲ್ಲಿ ನಡೆದು ದಾಟುವ ಯೋಚನೆ ಬೇಡ, ಇಳಿಯಲು ಶುರುವಾದ ಎರಡನೇ ದಿನ ಹೋಗಿ. ನೀರಿನ ಬಣ್ಣ ಇನ್ನೂ ತುಸು ಹಸಿರಾಗಿ ಮಂಕಾಗಿರುತ್ತದೆ, ದೊಡ್ಡ ಕಂದು ಬಗರ್ (ಗರಿ ಸುತ್ತಿ ಕಟ್ಟಿದ ಫ್ಲೈ) ಹಾಕಿದರೆ ಎರಡೂ ಮೀನು ಬರುತ್ತವೆ.